6,400 ವಿಳಾಸಗಳ ಟೇಬಲ್‌ಗೆ ಅಕ್ಷಾಂಶ, ರೇಖಾಂಶ ಹಾಕಬೇಕು. ಕೋಡ್ ಓಡುತ್ತಿದೆ, ಉತ್ತರ ನಂಬಲು ಆಗುತ್ತಿಲ್ಲ

ಬೆಳಗಿನಹಕ್ಕಿ
ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಸೇರಿ ರಕ್ತದಾನಿಗಳ ಪಟ್ಟಿ ಇಟ್ಟುಕೊಂಡಿದ್ದೇವೆ. ಒಟ್ಟು 6,400 ಸಾಲು. ಯಾರಿಗಾದರೂ ತುರ್ತಾಗಿ ರಕ್ತ ಬೇಕಾದಾಗ ಆಸ್ಪತ್ರೆಗೆ ಹತ್ತಿರ ಇರುವವರಿಗೆ ಮೊದಲು ಫೋನ್ ಮಾಡಬೇಕು. ಈಗ ಬಡಾವಣೆಯ ಹೆಸರು ನೋಡಿ ಅಂದಾಜಿನ ಮೇಲೆ ಮಾಡುತ್ತಿದ್ದೇವೆ. ಅದಕ್ಕೇ ಪ್ರತಿ ವಿಳಾಸಕ್ಕೂ ಅಕ್ಷಾಂಶ, ರೇಖಾಂಶ ಹಾಕೋಣ ಅಂತ ಹೊರಟೆ.

ಪೈಥಾನ್‌ನಲ್ಲಿ ಪಾಂಡಾಸ್ (ಟೇಬಲ್ ಓದುವ ಲೈಬ್ರರಿ), ಜಿಯೋಪೈ (ವಿಳಾಸ ಹುಡುಕುವ ಸೇವೆಗಳನ್ನು ಕೇಳುವ ಲೈಬ್ರರಿ) ಬಳಸಿದೆ. ವಿಳಾಸ ಹುಡುಕಲು, ಜನರೇ ಸೇರಿ ಮಾಡುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನವರ ನಾಮಿನಾಟಿಮ್ ಸೇವೆ. ಮೊದಲ 500 ಸಾಲು ಓಡಿಸಿದೆ. 431ಕ್ಕೆ ಉತ್ತರ ಬಂತು, 69 ಖಾಲಿ. ಖುಷಿಯಾಗಿಯೇ ನಕ್ಷೆಯ ಮೇಲೆ ಹಾಕಿ ನೋಡಿದೆ. ಒಂದು ಕಡೆ 58 ದಾನಿಗಳು ಒಂದೇ ಚುಕ್ಕಿಯ ಮೇಲೆ ಕೂತಿದ್ದಾರೆ. ಎಷ್ಟು ಜೂಮ್ ಮಾಡಿದರೂ ಅದೇ ಒಂದು ಚುಕ್ಕಿ. ಅದು ಬಿದ್ದಿರುವುದು ಒಂದು ಉದ್ಯಾನದ ನಡುವೆ. ಇನ್ನಿಬ್ಬರು ಬೇರೆ ದೇಶದಲ್ಲಿದ್ದಾರೆ!

ಇದರಲ್ಲಿ ಯಾವುದನ್ನು ನಂಬಲಿ? ಆ 69 ಯಾಕೆ ಖಾಲಿ? ದಯವಿಟ್ಟು ತಿಳಿದವರು ಹೇಳಿ.

ಕಲ್ಲುಬಂಡೆ
ಗೂಗಲ್‌ನ ಜಿಯೋಕೋಡಿಂಗ್ ಎಪಿಐ (ವಿಳಾಸ ಕೊಟ್ಟರೆ ಅಕ್ಷಾಂಶ, ರೇಖಾಂಶ ಕೊಡುವ ಸೇವೆ) ಹಾಕಿ. ಅರ್ಧ ದಿನದ ಕೆಲಸ.

ತಂತಿಬೇಲಿ
ಸುಮ್ನೆ ಸೇವೆ ಬದಲಿಸಿದರೆ ಆಗಲ್ಲ ಬಂಡೆ ಅಣ್ಣ. ಗೂಗಲ್‌ನಿಂದ ಬಂದ ಅಕ್ಷಾಂಶ, ರೇಖಾಂಶವನ್ನು 30 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ, ಅವರ ನಿಯಮದಲ್ಲೇ ಇದೆ. ಪ್ಲೇಸ್ ಐಡಿ (ಜಾಗಕ್ಕೆ ಗೂಗಲ್ ಕೊಡುವ ಗುರುತು) ಮಾತ್ರ ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದು. ಇವರ ಪಟ್ಟಿ ವರ್ಷಗಟ್ಟಲೆ ಇರುವಂಥದ್ದು. ತಿಂಗಳು ತಿಂಗಳು 6,400 ಸಾಲು ಮತ್ತೆ ಕೇಳುತ್ತಾ ಕೂರಬೇಕಾ?

ಹಕ್ಕಿ ಅವರೇ, ಬೇರೆ ದೇಶಕ್ಕೆ ಹೋದ ಇಬ್ಬರದ್ದು ಸುಲಭ. ಒಂದೇ ಹೆಸರಿನ ಊರುಗಳು ಲೋಕದ ತುಂಬ ಇವೆ. ಪ್ಯಾರಿಸ್ ಅಮೆರಿಕದ ಟೆಕ್ಸಾಸ್‌ನಲ್ಲೂ ಇದೆ, ಲಂಡನ್ ಕೆನಡಾದ ಒಂಟಾರಿಯೋದಲ್ಲೂ ಇದೆ. ಜಿಯೋಪೈನಲ್ಲಿ ಕಂಟ್ರಿ ಕೋಡ್ಸ್ ಅಂತ ಒಂದು ಆಯ್ಕೆ ಇದೆ. ಅದರಲ್ಲಿ ನಿಮ್ಮ ದೇಶದ ಎರಡಕ್ಷರದ ಕೋಡ್ ಕೊಡಿ. ಗಡಿ ದಾಟಿ ಹುಡುಕುವುದೇ ಇಲ್ಲ.

58 ಜನ ಒಂದೇ ಕಡೆ ಕೂತಿದ್ದು ಬೇರೆ ಕತೆ. ನಿಮ್ಮ ಕೋಡ್‌ನಲ್ಲಿ ಏನೇನಿದೆ ಅಂತ ಮಾತಿನಲ್ಲೇ ಹೇಳಿ, ಸಾಕು.

ಬೆಳಗಿನಹಕ್ಕಿ
ಸರ್, ದೊಡ್ಡದೇನಿಲ್ಲ. ವಿಳಾಸದ ಕಾಲಂ ತಗೊಳ್ಳುತ್ತದೆ. ಮಧ್ಯೆ, ಪ್ರಶ್ನೆಗಳ ನಡುವೆ ಅಂತರ ಇಡುವ ಜಿಯೋಪೈನ ರೇಟ್ ಲಿಮಿಟರ್ ಇದೆ, ಕನಿಷ್ಠ ಅಂತರ 1 ಸೆಕೆಂಡ್ ಕೊಟ್ಟಿದ್ದೇನೆ. ಉತ್ತರ ಖಾಲಿ ಬಂದರೆ ವಿಳಾಸದ ಮೊದಲ ಅಲ್ಪವಿರಾಮದವರೆಗೆ ಕತ್ತರಿಸಿ, ಉಳಿದದ್ದನ್ನು ಮತ್ತೆ ಕೇಳುತ್ತದೆ. ಹೀಗೆ ಕೊನೆಯ ತುಂಡಿನವರೆಗೆ. «ಮನೆ 12, ಮೂರನೇ ಮಹಡಿ, ಶಾಲೆ ಎದುರು, ಇಂಥ ರಸ್ತೆ, ಇಂಥ ಬಡಾವಣೆ, ಇಂಥ ಊರು» ಅಂತ ಬರೆದವರೇ ಜಾಸ್ತಿ. ನಾಮಿನಾಟಿಮ್‌ಗೆ «ಶಾಲೆ ಎದುರು» ಅರ್ಥ ಆಗುವುದಿಲ್ಲ, ಅದಕ್ಕೆ ಹಾಗೆ ಮಾಡಿದೆ.

ರಾತ್ರಿಪಾಳಿ
ಸಿಕ್ಕಿತು. ಎರಡೂ ತೊಂದರೆಯ ಬೇರು ಕತ್ತರಿಸಿ ಮತ್ತೆ ಕೇಳುವ ಆ ಲೂಪ್‌ನಲ್ಲೇ ಇದೆ.

58 ಜನರನ್ನು ಮೊದಲು ನೋಡೋಣ. ಮನೆ ಸಿಗಲಿಲ್ಲ, ಕತ್ತರಿಸಿತು. ರಸ್ತೆ ಸಿಗಲಿಲ್ಲ, ಕತ್ತರಿಸಿತು. ಕೊನೆಗೆ ಊರಿನ ಹೆಸರು ಮಾತ್ರ ಉಳಿಯಿತು. ಊರಿಗೆ ನಾಮಿನಾಟಿಮ್ ಒಂದೇ ಒಂದು ಬಿಂದು ಕೊಡುತ್ತದೆ. ಆ ಬಿಂದು ನಿಮ್ಮ ಉದ್ಯಾನ. 58 ಮಂದಿಯ ವಿಳಾಸ ಅಲ್ಲಿಗೆ ಹೋಗಿ ನಿಂತಿತು. ಟೇಬಲ್‌ನಲ್ಲಿ ಮಾತ್ರ ದಶಾಂಶ ಬಿಂದುವಿನ ನಂತರ ಏಳು ಅಂಕಿ ಇರುತ್ತದೆ. ನೋಡಿದವರು ಮನೆ ಬಾಗಿಲೇ ಸಿಕ್ಕಿದೆ ಅಂದುಕೊಳ್ಳುತ್ತಾರೆ. ಐದನೇ ಅಂಕಿಗೇ ಸುಮಾರು ಒಂದು ಮೀಟರ್ ನಿಖರತೆ ಅಂತ ಲೆಕ್ಕ, ಅದು ನೆನಪಿರಲಿ.

ಈಗ ಆ 69. ನಿಮ್ಮ ಲೂಪ್ ಊರಿನ ಹೆಸರಿನವರೆಗೂ ಹೋಗುತ್ತದೆ. ಊರಿನ ಹೆಸರಿಗೂ ಉತ್ತರ ಬರಲಿಲ್ಲ ಅಂದರೆ ಅರ್ಥ ಏನು? ಒಂದೋ ಊರಿನ ಹೆಸರೇ ತಪ್ಪಾಗಿ ಬರೆದಿದೆ, ಇಲ್ಲವೇ ಸರ್ವರ್‌ನ ಉತ್ತರ ನಿಮ್ಮ ತನಕ ಬಂದೇ ಇಲ್ಲ. ರೇಟ್ ಲಿಮಿಟರ್‌ನಲ್ಲಿ ಸ್ವಾಲೋ ಎಕ್ಸೆಪ್ಷನ್ಸ್ ಅಂತ ಒಂದು ಆಯ್ಕೆ ಇದೆ. ನಾವು ಏನೂ ಹೇಳದಿದ್ದರೆ ಅದು ಚಾಲೂ ಇರುತ್ತದೆ. ಎರಡು ಸಲ ಮತ್ತೆ ಯತ್ನಿಸುತ್ತದೆ, ಆಗಲೂ ಆಗದಿದ್ದರೆ ದೋಷವನ್ನು ನುಂಗಿಕೊಂಡು ಖಾಲಿ ಉತ್ತರ ಕೊಡುತ್ತದೆ. ಜಿಯೋಪೈನ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಹೊತ್ತು) ಕೂಡ ಬರೀ 1 ಸೆಕೆಂಡ್. ಸರ್ವರ್ ಸ್ವಲ್ಪ ನಿಧಾನ ಆದರೆ ಮುಗಿಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪೂರ್ತಿ ವಿಳಾಸ ಕೇಳುವಾಗ ಟೈಮ್‌ಔಟ್ ಆಯಿತು ಅಂದುಕೊಳ್ಳಿ. ಖಾಲಿ ಬಂತು. ನಿಮ್ಮ ಲೂಪ್ «ಓ, ಮನೆ ಸಿಗಲಿಲ್ಲ» ಅಂದುಕೊಂಡು ಕತ್ತರಿಸುತ್ತದೆ. ಮುಂದಿನ ಪ್ರಶ್ನೆಗೆ ರಸ್ತೆಯ ಉತ್ತರ ಬರುತ್ತದೆ. ಮನೆಯೇ ಸಿಗಬಹುದಾಗಿದ್ದ ಒಳ್ಳೆ ವಿಳಾಸ ನೆಟ್‌ವರ್ಕ್ ತೊಂದರೆಯಿಂದ ರಸ್ತೆಯ ಮಧ್ಯಕ್ಕೆ ಇಳಿಯಿತು. ಆ 431ರಲ್ಲೂ ಇಂಥವು ಎಷ್ಟಿವೆಯೋ.

ಬೆಳಗಿನಹಕ್ಕಿ
ಅಯ್ಯೋ. ಇದು ನನಗೆ ಹೊಳೆದೇ ಇರಲಿಲ್ಲ. ಸ್ವಾಲೋ ಆಯ್ಕೆ ಆಫ್ ಮಾಡಿ, ಟೈಮ್‌ಔಟ್ 10 ಸೆಕೆಂಡ್ ಮಾಡಿ ಮತ್ತೆ ಓಡಿಸುತ್ತೇನೆ.

ಚುಕ್ಕಿಗೆರೆ
ಓಡಿಸುವ ಮೊದಲು ಒಂದು ಕ್ಯಾಶ್ (ಬಂದ ಉತ್ತರಗಳನ್ನು ಉಳಿಸಿಡುವ ಜಾಗ) ಇಟ್ಟುಕೊಳ್ಳಿ. ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್‌ನಲ್ಲಿ ಒಂದು ಸಣ್ಣ ಟೇಬಲ್ ಸಾಕು: ಕೇಳಿದ ಪಠ್ಯ, ಬಂದ ಪೂರ್ತಿ ಉತ್ತರ, ಕೇಳಿದ ದಿನ. 6,400 ಪ್ರಶ್ನೆ ಸೆಕೆಂಡಿಗೆ ಒಂದರಂತೆ ಅಂದರೇ ಒಂದೂ ಮುಕ್ಕಾಲು ಗಂಟೆಗೂ ಮಿಕ್ಕಿ ಬೇಕು. ಕತ್ತರಿಸಿ ಕೇಳುವುದು ಸೇರಿದರೆ ಇನ್ನೂ ಜಾಸ್ತಿ. ಮಧ್ಯದಲ್ಲಿ ಲ್ಯಾಪ್‌ಟಾಪ್ ನಿದ್ದೆಗೆ ಹೋದರೆ ಮೊದಲಿನಿಂದ ಶುರು ಮಾಡುವ ಗೋಳು ಬೇಡ. ಕೇಳಿದ್ದನ್ನೇ ಪದೇ ಪದೇ ಕೇಳುವುದು ನಾಮಿನಾಟಿಮ್ ನಿಯಮಕ್ಕೂ ವಿರುದ್ಧ.

ದೋಷ ಬಂದದ್ದನ್ನು ಮಾತ್ರ ಕ್ಯಾಶ್‌ಗೆ ಹಾಕಬೇಡಿ. ಹಾಕಿದರೆ ಆ ಖಾಲಿ ಅಲ್ಲೇ ಉಳಿದುಬಿಡುತ್ತದೆ.

ಹೊಸಬ_2
ಒಂದು ಸಂದೇಹ. ನಾಲ್ಕು ಥ್ರೆಡ್ ಹಾಕಿ ಒಟ್ಟಿಗೆ ಕೇಳಿದರೆ ಬೇಗ ಮುಗಿಯಲ್ವಾ?

ತಂತಿಬೇಲಿ
ಬೇಡ ತಮ್ಮಾ. ಅದು ದೇಣಿಗೆಯ ಸರ್ವರ್‌ಗಳ ಮೇಲೆ ನಡೆಯುವ ಉಚಿತ ಸೇವೆ. ಸೆಕೆಂಡಿಗೆ ಒಂದು ಪ್ರಶ್ನೆ, ಒಂದೇ ಥ್ರೆಡ್, ಪ್ರತಿ ಪ್ರಶ್ನೆಯ ಜತೆ ಹೋಗುವ ಯೂಸರ್ ಏಜೆಂಟ್ ಸಾಲಿನಲ್ಲಿ ನಿಮ್ಮ ಅಪ್ಲಿಕೇಶನ್‌ನ ಗುರುತು. ಈ ನಿಯಮ ಮುರಿದರೆ ತಡೆ ಹಾಕುತ್ತಾರೆ. ಹಾಕಬೇಕಾದದ್ದೇ.

ಮಳೆಬಿಲ್ಲು42
ಯಾವುದು ನಂಬಬೇಕು ಅನ್ನುವುದಕ್ಕೆ ಸುಲಭ ದಾರಿ ಇದೆ. ಉತ್ತರದ ಜತೆ ಇಂಪಾರ್ಟೆನ್ಸ್ ಅಂತ ಒಂದು ಸಂಖ್ಯೆ ಬರುತ್ತದೆ, 0ಯಿಂದ 1ರ ಒಳಗೆ. 0.5ಕ್ಕಿಂತ ಕಡಿಮೆ ಇದ್ದದ್ದನ್ನು ತೆಗೆದುಬಿಡಿ.

ರಾತ್ರಿಪಾಳಿ
ದಯವಿಟ್ಟು ಹಾಗೆ ಮಾಡಬೇಡಿ! ಇಂಪಾರ್ಟೆನ್ಸ್ ಹೇಳುವುದು ಆ ಜಾಗ ಎಷ್ಟು ಹೆಸರುವಾಸಿ ಅಂತ. ವಿಕಿಪೀಡಿಯದಲ್ಲಿ ಅದಕ್ಕೆ ಎಷ್ಟು ಕೊಂಡಿಗಳಿವೆ ಅನ್ನುವುದರಿಂದ ಬರುವ ಲೆಕ್ಕ ಅದು. ನಿಮ್ಮ ಪ್ರಶ್ನೆಗೂ ಉತ್ತರಕ್ಕೂ ಎಷ್ಟು ಹೊಂದಿಕೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ದೊಡ್ಡ ಊರಿಗೆ ಜಾಸ್ತಿ, ಯಾರದೋ ಮನೆಗೆ ತೀರಾ ಕಡಿಮೆ. ನೀವು ಹೇಳಿದ ಹಾಗೆ ಮಾಡಿದರೆ ಸರಿಯಾಗಿ ಸಿಕ್ಕ ಮನೆಗಳೆಲ್ಲ ಹೋಗಿ, ಉದ್ಯಾನದ 58 ಉಳಿಯುತ್ತವೆ.

ನೋಡಬೇಕಾದದ್ದು ಪ್ಲೇಸ್ ರ‍್ಯಾಂಕ್. 30 ಅಂದರೆ ಮನೆಯ ಮಟ್ಟ, 26 ಅಂದರೆ ರಸ್ತೆ, 16 ಅಂದರೆ ಊರು, 4 ಅಂದರೆ ದೇಶ. ಜಿಯೋಪೈ ಕೊಡುವ ಉತ್ತರದ ರಾ (ಸರ್ವರ್ ಕೊಟ್ಟ ಮೂಲ ಉತ್ತರ) ಭಾಗದಲ್ಲಿ ಇದು ಸಿಗುತ್ತದೆ. ಅದಕ್ಕೊಂದು ಕಾಲಂ ಮಾಡಿ.

ಮಳೆಬಿಲ್ಲು42
ಸರಿ, ಒಪ್ಪಿದೆ. ಹೆಸರು ನೋಡಿ ನಂಬಿಕೆಯ ಅಳತೆ ಅಂದುಕೊಂಡಿದ್ದೆ. ನನ್ನ ಒಂದು ಹಳೆಯ ಸ್ಕ್ರಿಪ್ಟ್‌ನಲ್ಲಿ ಇದೇ ತಪ್ಪಿದೆ, ಇವತ್ತೇ ಸರಿ ಮಾಡುತ್ತೇನೆ.

ನಕ್ಷೆಹುಚ್ಚ
ಪಾಳಿ ಅವರ ಮಾತಿಗೆ ಒಂದು ತಿದ್ದುಪಡಿ. ರ‍್ಯಾಂಕ್ 30 ಬಂದ ಮಾತ್ರಕ್ಕೆ ಅದು ಮನೆ ಅಂತಲ್ಲ. ಶಾಲೆ, ಅಂಗಡಿ, ಬಸ್ ನಿಲ್ದಾಣ ಎಲ್ಲವೂ 30ರಲ್ಲೇ ಬರುತ್ತವೆ. ಯಾರಾದರೂ ವಿಳಾಸದಲ್ಲಿ ಶಾಲೆಯ ಹೆಸರನ್ನೇ ಬರೆದಿದ್ದರೆ, ಆ ಶಾಲೆ ನಕ್ಷೆಯಲ್ಲಿದ್ದರೆ, ಉತ್ತರ 30ರ ಜತೆಗೇ ಬರುತ್ತದೆ. ದಾನಿಯ ಮನೆ ಎದುರಿಗೂ ಇರಬಹುದು, ಮೂರು ಬೀದಿ ಆಚೆಗೂ ಇರಬಹುದು.

ಅಡ್ರೆಸ್ ಡೀಟೇಲ್ಸ್ ಆಯ್ಕೆ ಆನ್ ಮಾಡಿ ಕೇಳಿ. ಆಗ ಉತ್ತರದಲ್ಲಿ ಹೌಸ್ ನಂಬರ್, ರೋಡ್, ಪೋಸ್ಟ್‌ಕೋಡ್ ಬಿಡಿಬಿಡಿಯಾಗಿ ಬರುತ್ತವೆ. ನೀವು ಕೇಳಿದ ಮನೆ ನಂಬರ್ ಉತ್ತರದ ಮನೆ ನಂಬರ್‌ಗೆ ಹೊಂದಿದರೆ ಮಾತ್ರ «ಮನೆ» ಅಂತ ಗುರುತು ಹಾಕಿ.

ಅಂಚೆಪೆಟ್ಟಿಗೆ
ನಾನು ಬಹಳ ವರ್ಷ ವಿಳಾಸ ವಿಂಗಡಿಸುವ ಕೆಲಸ ಮಾಡಿದವನು. ಕೋಡ್ ಬಗ್ಗೆ ಇಲ್ಲಿನವರಷ್ಟು ಗೊತ್ತಿಲ್ಲ. ವಿಳಾಸದ ಬಗ್ಗೆ ಎರಡು ಮಾತು ಹೇಳುತ್ತೇನೆ.

ಜನ ವಿಳಾಸ ಬರೆಯುವುದು ಇನ್ನೊಬ್ಬ ಮನುಷ್ಯನಿಗಾಗಿ. ಬರುವವನು ಯಾರನ್ನಾದರೂ ಕೇಳಿಕೊಂಡು ಬರುತ್ತಾನೆ ಅನ್ನುವ ಧೈರ್ಯ ಅವರಿಗೆ ಇರುತ್ತದೆ. ಅದಕ್ಕೇ ಎದುರು, ಹಿಂದೆ, ಪಕ್ಕ, ನೀರಿನ ಟ್ಯಾಂಕ್ ಹತ್ತಿರ ಅಂತೆಲ್ಲ ಬರೆಯುತ್ತಾರೆ. ನಿಮ್ಮ ಕೋಡ್ ಅದನ್ನು ಕಸ ಅಂತ ಕತ್ತರಿಸಿ ಬಿಸಾಡುತ್ತಿದೆ. ಆದರೆ ಮನೆ ತಲುಪುವುದು ಆ ಪದಗಳಿಂದಲೇ. ಮೂಲ ಕಾಲಂ ಮುಟ್ಟಬೇಡಿ. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಬೇಕಾದ ಹಾಗೆ ಶುಚಿ ಮಾಡಿ.

ಎರಡನೆಯದು, ಅಂಚೆ ಸಂಖ್ಯೆ. ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ ಪಟ್ಟಿಯಾದರೆ ಒಮ್ಮೆ ನೋಡಿಕೊಳ್ಳಿ. ಸೊನ್ನೆಯಿಂದ ಶುರುವಾಗುವ ಅಂಚೆ ಸಂಖ್ಯೆಗಳಿರುವ ದೇಶಗಳಿವೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲೂ ಹಾಗೇ. ಎಕ್ಸೆಲ್ ಅದನ್ನು ಅಂಕಿ ಅಂದುಕೊಂಡು ಮೊದಲಿನ ಸೊನ್ನೆ ತಿಂದುಹಾಕುತ್ತದೆ. ಐದು ಅಂಕಿ ಇರಬೇಕಾದ ಕಡೆ ನಾಲ್ಕು ಉಳಿಯುತ್ತದೆ.

ಚುಕ್ಕಿಗೆರೆ
ಪೆಟ್ಟಿಗೆ ಅಣ್ಣ ಹೇಳಿದ್ದು ಬಂಗಾರದಂಥ ಮಾತು. ಪಾಂಡಾಸ್‌ನಲ್ಲಿ ಓದುವಾಗಲೇ ಆ ಕಾಲಂ ಅಕ್ಷರ ಅಂತ ಹೇಳಿಬಿಡಿ. ಆಮೇಲೆ ಸರಿ ಮಾಡುತ್ತೇನೆ ಅಂದರೆ ಆಗಲ್ಲ.

ವಿಳಾಸವನ್ನು ಬಿಡಿಸಲು ಲಿಬ್‌ಪೋಸ್ಟಲ್ ಅಂತ ಒಂದು ಲೈಬ್ರರಿ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್, ಓಪನ್‌ಅಡ್ರೆಸಸ್‌ನ ವಿಳಾಸಗಳಿಂದ ಕಲಿತದ್ದು. ಉದ್ದನೆಯ ಒಂದೇ ಸಾಲನ್ನು ಮನೆ ನಂಬರ್, ರಸ್ತೆ, ಊರು ಅಂತ ಬೇರೆ ಮಾಡಿ ಕೊಡುತ್ತದೆ. ಆ ತುಂಡುಗಳನ್ನು ನಾಮಿನಾಟಿಮ್‌ಗೆ ಒಂದೇ ಪಠ್ಯವಾಗಿ ಕೊಡದೆ ಸ್ಟ್ರೀಟ್, ಸಿಟಿ, ಪೋಸ್ಟಲ್‌ಕೋಡ್ ಅಂತ ಬೇರೆ ಬೇರೆಯಾಗಿ ಕೊಡಬಹುದು. ಜಿಯೋಪೈ ಹೀಗೆ ಹೆಸರು ಹಾಕಿದ ತುಂಡುಗಳನ್ನು (ಪೈಥಾನ್‌ನ ಡಿಕ್ಷನರಿ) ತಗೊಳ್ಳುತ್ತದೆ. ಆಗ ರಸ್ತೆಯ ಹೆಸರನ್ನು ಊರು ಅಂತ ತಪ್ಪು ತಿಳಿಯುವುದು ಕಡಿಮೆಯಾಗುತ್ತದೆ.

ಕಲ್ಲುಬಂಡೆ
ಇಷ್ಟೆಲ್ಲ ಕಷ್ಟ ಯಾಕೆ ಅಂತ ನನಗೆ ಇನ್ನೂ ಅರ್ಥ ಆಗಿಲ್ಲ. ಗೂಗಲ್ ಉತ್ತರದಲ್ಲಿ ಲೊಕೇಶನ್ ಟೈಪ್ ಅಂತ ಸ್ಪಷ್ಟವಾಗಿ ಬರುತ್ತದೆ. ರೂಫ್‌ಟಾಪ್ ಅಂದರೆ ಆ ವಿಳಾಸವೇ. ರೇಂಜ್ ಇಂಟರ್‌ಪೊಲೇಟೆಡ್ ಅಂದರೆ ರಸ್ತೆಯ ಮೇಲೆ ಅಂದಾಜು. ಜಿಯೋಮೆಟ್ರಿಕ್ ಸೆಂಟರ್, ಅಪ್ರಾಕ್ಸಿಮೇಟ್ ಅಂದರೆ ದೂರದ ಅಂದಾಜು. ಅರ್ಧಂಬರ್ಧ ಹೊಂದಿದ್ದರೆ ಪಾರ್ಷಿಯಲ್ ಮ್ಯಾಚ್ ಅಂತಲೂ ಹೇಳುತ್ತದೆ. ನೀವು ಕೈಯಿಂದ ಕಟ್ಟುತ್ತಿರುವುದೆಲ್ಲ ಅಲ್ಲಿ ಮೊದಲೇ ಇದೆ.

ನಕ್ಷೆಹುಚ್ಚ
ಗುರುತುಗಳು ಚೆನ್ನಾಗಿವೆ, ನಾನೂ ಮೆಚ್ಚುತ್ತೇನೆ. ಆದರೆ 30 ದಿನದ ನಿಯಮಕ್ಕೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶವನ್ನು ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದು, ಮೂಲದ ಹೆಸರು ಹೇಳಿದರಾಯಿತು. ತಪ್ಪಿದ್ದರೆ ನಾವೇ ಹೋಗಿ ತಿದ್ದಬಹುದು. ನನಗೆ ಇದೇ ಮುಖ್ಯ.

ಕಲ್ಲುಬಂಡೆ
ಅದು ಸರಿ. ಇಟ್ಟುಕೊಳ್ಳುವ ವಿಷಯದಲ್ಲಿ ನನ್ನ ವಾದ ನಿಲ್ಲಲ್ಲ. ನಿಖರತೆಯ ವಿಷಯದಲ್ಲಿ ನಿಲ್ಲುತ್ತದೆ.

ಹೊಸಬ_2
ರಸ್ತೆಯ ಮೇಲೆ ಅಂದಾಜು ಅಂದರೆ ಹೇಗೆ?

ರಾತ್ರಿಪಾಳಿ
ಒಂದು ಬೀದಿಯ ತುಂಡಿನ ಒಂದು ಬದಿಯಲ್ಲಿ 100ರಿಂದ 198ರವರೆಗೆ ಸಮಸಂಖ್ಯೆಯ ಮನೆಗಳಿವೆ ಅಂತ ಮಾತ್ರ ಗೊತ್ತು. ನೀವು 150 ಕೇಳುತ್ತೀರಿ. ಅದು ಬೀದಿಯ ನಡುಮಧ್ಯಕ್ಕೆ ಒಂದು ಚುಕ್ಕಿ ಇಡುತ್ತದೆ. ನಿಜದಲ್ಲಿ ಎಲ್ಲ ಮನೆಗಳೂ ಒಂದೇ ತುದಿಗೆ ಒತ್ತಿಕೊಂಡಿದ್ದು, ಉಳಿದದ್ದು ಖಾಲಿ ಜಾಗ ಇರಬಹುದು. ಇದು ಹಳೆಯ ಉಪಾಯ. ಅಮೆರಿಕದ ಜನಗಣತಿ ಇಲಾಖೆ 1960ರ ದಶಕದ ಕೊನೆಯಲ್ಲಿ ಡೈಮ್ ಅನ್ನುವ ಕಡತಗಳನ್ನು ಮಾಡಿತು, ಪ್ರತಿ ಬೀದಿಯ ತುಂಡಿಗೂ ಎಡಬಲದ ಮನೆ ಸಂಖ್ಯೆ ಬರೆದಿಟ್ಟು. 1990ರ ಜನಗಣತಿಗೆ ಅದರ ಜಾಗಕ್ಕೆ ಟೈಗರ್ ಬಂತು. ಇವತ್ತಿಗೂ ಆ ಇಲಾಖೆಯ ಸೇವೆ ಒಂದು ಫೈಲ್‌ನಲ್ಲಿ 10,000 ವಿಳಾಸದವರೆಗೆ ಪುಕ್ಕಟೆ ಮಾಡಿಕೊಡುತ್ತದೆ. ಆ ದೇಶದ ವಿಳಾಸಕ್ಕೆ ಮಾತ್ರ.

ಜಪಾನ್‌ನಂಥ ಕಡೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಹೆಚ್ಚಿನ ಕಡೆ ವಿಳಾಸ ಬೀದಿಯ ಮೇಲಲ್ಲ, ಬ್ಲಾಕ್‌ನ ಮೇಲೆ ನಿಂತಿದೆ.

ಅಂಚೆಪೆಟ್ಟಿಗೆ
ವಿಷಯ ಬಿಟ್ಟು ಒಂದು ಮಾತು. 1854ರಲ್ಲಿ ಲಂಡನ್‌ನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಮಾಡಿದ್ದೂ ಇದೇ ಅಲ್ವಾ? ಸತ್ತವರ ವಿಳಾಸದ ಪಟ್ಟಿ ತಗೊಂಡು ಒಂದೊಂದನ್ನೂ ನಕ್ಷೆಯ ಮೇಲೆ ಗುರುತು ಹಾಕಿದ. ಗುರುತುಗಳು ಒಂದು ನೀರಿನ ಪಂಪ್ ಸುತ್ತ ಗುಂಪುಗೂಡಿದವು. ಆ 58 ಚುಕ್ಕಿ ಅಂದಾಗ ಅದೇ ನೆನಪಾಯಿತು. ಅವನ ಗುಂಪು ನಿಜದ್ದು, ನಿಮ್ಮದು ಲೂಪ್ ಮಾಡಿದ್ದು. ನಕ್ಷೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಮಳೆಬಿಲ್ಲು42
ಇಂಥ ಗುಂಪಿನಿಂದ ಜನರಿಗೆ ತೊಂದರೆಯೂ ಆಗಿದೆ. ಐಪಿ ವಿಳಾಸದಿಂದ (ಇಂಟರ್‌ನೆಟ್‌ನಲ್ಲಿ ಕಂಪ್ಯೂಟರ್‌ಗೆ ಇರುವ ಸಂಖ್ಯೆ) ಜಾಗ ಹೇಳುವ ಒಂದು ದತ್ತಾಂಶದಲ್ಲಿ, ಅಮೆರಿಕದೊಳಗೆ ಎಲ್ಲಿ ಅಂತ ಗೊತ್ತಿಲ್ಲದ್ದಕ್ಕೆಲ್ಲ ದೇಶದ ನಡುವಿನ ಒಂದು ಬಿಂದು ಕೊಟ್ಟಿದ್ದರು. ಆ ಬಿಂದು ಬಿದ್ದದ್ದು ಕಾನ್ಸಾಸ್‌ನ ಒಂದು ಹೊಲದ ಮನೆಯ ಮೇಲೆ. ಕಳ್ಳತನ, ಮೋಸ ಅಂತ ಹುಡುಕಿಕೊಂಡು ಪೊಲೀಸರು ವರ್ಷಗಟ್ಟಲೆ ಆ ಮನೆ ಬಾಗಿಲು ತಟ್ಟಿದರು. 2016ರಲ್ಲಿ ಕಾರಣ ಬೆಳಕಿಗೆ ಬಂತು. ಆಮೇಲೆ ಆ ಬಿಂದುವನ್ನು ಒಂದು ಕೆರೆಯ ಮೇಲಕ್ಕೆ ಸರಿಸಿದರು.

ಚುಕ್ಕಿಗೆರೆ
ಹಾಗೇ ಖಾಲಿ ಜಾಗಕ್ಕೆ ಸೊನ್ನೆ ತುಂಬಬೇಡಿ. 0, 0 ಅನ್ನುವುದೂ ಒಂದು ಜಾಗವೇ, ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ಸಮುದ್ರದಲ್ಲಿ. ನಕ್ಷೆ ಮಾಡುವವರು ಅದನ್ನು ನಲ್ ಐಲ್ಯಾಂಡ್ ಅಂತಾರೆ. ಖಾಲಿ ಖಾಲಿಯಾಗಿಯೇ ಇರಲಿ.

ನಕ್ಷೆಹುಚ್ಚ
ಹಿಂದುಮುಂದಾಗುವುದನ್ನೂ ನೋಡಿಕೊಳ್ಳಿ. ಜಿಯೋಪೈ ಕೊಡುವುದು ಅಕ್ಷಾಂಶ ಮೊದಲು. ಜಿಯೋಜೇಸನ್ ಅನ್ನುವ ನಕ್ಷೆ ಕಡತದಲ್ಲಿ, ಪೋಸ್ಟ್‌ಜಿಐಎಸ್ ಅನ್ನುವ ನಕ್ಷೆ ಡೇಟಾಬೇಸ್‌ನ ಪಾಯಿಂಟ್‌ನಲ್ಲಿ ರೇಖಾಂಶ ಮೊದಲು. ಅದಲುಬದಲಾದರೆ ಎಷ್ಟೋ ಸಲ ದೋಷ ಬರುವುದಿಲ್ಲ, ಚುಕ್ಕಿ ಮಾತ್ರ ಎಲ್ಲೋ ಬೀಳುತ್ತದೆ. ಹತ್ತಿರದ ದಾನಿ ಹುಡುಕುವಾಗ ಡಿಗ್ರಿಗಳನ್ನು ನೇರ ಕಳೆದು ವರ್ಗ ಮಾಡಬೇಡಿ. ಒಂದು ಡಿಗ್ರಿ ರೇಖಾಂಶ ಸಮಭಾಜಕದಲ್ಲಿ ಸುಮಾರು 111 ಕಿಲೋಮೀಟರ್, 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ. ಜಿಯೋಪೈನಲ್ಲೇ ಜಿಯೋಡೆಸಿಕ್ (ಭೂಮಿಯ ಮೇಲ್ಮೈ ಮೇಲಿನ) ದೂರ ಇದೆ, ಅದನ್ನೇ ಬಳಸಿ.

ತಂತಿಬೇಲಿ
ಎಲ್ಲರೂ ಕೋಡ್ ಮಾತಾಡುತ್ತಿದ್ದೀರಿ. ನನಗೆ ಬೇರೆ ಚಿಂತೆ. ಹಕ್ಕಿ ಅವರೇ, ಯೂಸರ್ ಏಜೆಂಟ್‌ನಲ್ಲಿ ಏನು ಬರೆದಿದ್ದೀರಿ?

ಬೆಳಗಿನಹಕ್ಕಿ
ನಿಯಮದಲ್ಲಿ ಗುರುತು ಬೇಕು ಅಂತ ಇತ್ತಲ್ಲ ಸರ್. «ರಕ್ತದಾನಿ ನಕ್ಷೆ» ಅಂತ ಇಟ್ಟು, ನನ್ನ ಈಮೇಲ್ ಕೊಟ್ಟಿದ್ದೇನೆ.

ತಂತಿಬೇಲಿ
ನೋಡಿ, ಇದೇ ನನ್ನ ಭಯ. ಹೆಸರು ಕಳಿಸಿಲ್ಲ, ರಕ್ತದ ಗುಂಪು ಕಳಿಸಿಲ್ಲ, ಬರೀ ವಿಳಾಸ ಅಂದುಕೊಂಡಿರಿ. ಆದರೆ 500 ಮನೆ ವಿಳಾಸದ ಜತೆಗೆ «ಇವರು ರಕ್ತದಾನಿಗಳು» ಅನ್ನುವ ಚೀಟಿಯೂ ಹೋಯಿತು. ನಾಮಿನಾಟಿಮ್‌ನವರು ಅದನ್ನು ಏನೋ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ನಂಬಿ ವಿಳಾಸ ಕೊಟ್ಟವರನ್ನು ನೀವು ಕೇಳಿದ್ದೀರಾ ಅಂತ ಕೇಳುತ್ತಿದ್ದೇನೆ.

ಮಳೆಬಿಲ್ಲು42
ಇದು ಸ್ವಲ್ಪ ಜಾಸ್ತಿ ಆಯಿತು ಸರ್. ರಕ್ತದಾನ ಒಳ್ಳೆ ಕೆಲಸ, ಮುಚ್ಚಿಡುವಂಥದ್ದು ಏನಿದೆ?

ತಂತಿಬೇಲಿ
ಇವತ್ತು ರಕ್ತದಾನಿ. ನಾಳೆ ಇದೇ ಸ್ಕ್ರಿಪ್ಟ್ ತಗೊಂಡು ಇನ್ನೊಬ್ಬರು ರೋಗಿಗಳ ಪಟ್ಟಿ ಓಡಿಸುತ್ತಾರೆ. ಮುಚ್ಚಿಡಬೇಕೋ ಬೇಡವೋ ಅಂತ ಹೇಳಬೇಕಾದವರು ಆ ಮನೆಯವರು, ನಾವಲ್ಲ.

ದಾರಿ ಇದೆ. ನಾಮಿನಾಟಿಮ್ ಮುಕ್ತ ತಂತ್ರಾಂಶ. ಜಿಯೋಫಾಬ್ರಿಕ್ ಅನ್ನುವ ತಾಣದಲ್ಲಿ ದೇಶವಾರು ಓಪನ್‌ಸ್ಟ್ರೀಟ್‌ಮ್ಯಾಪ್ ಕಡತ ಸಿಗುತ್ತದೆ. ನಿಮಗೆ ಬೇಕಾದಷ್ಟು ಭಾಗ ಇಳಿಸಿಕೊಂಡು ನಿಮ್ಮ ಮೆಷಿನ್‌ನಲ್ಲೇ ಹಾಕಿ. ಇಡೀ ಭೂಮಿಗೆ ಭಾರೀ ಡಿಸ್ಕ್ ಬೇಕು, ಒಂದು ಭಾಗಕ್ಕೆ ಅಷ್ಟು ಬೇಡ. ಆಗ ಒಂದು ವಿಳಾಸವೂ ಹೊರಗೆ ಹೋಗುವುದಿಲ್ಲ. ಸೆಕೆಂಡಿಗೆ ಒಂದು ಅನ್ನುವ ಮಿತಿಯೂ ಇಲ್ಲ. ಹೊಸಬ ತಮ್ಮನ ನಾಲ್ಕು ಥ್ರೆಡ್ ಅಲ್ಲಿ ಧಾರಾಳವಾಗಿ ಓಡಲಿ.

ಬೆಳಗಿನಹಕ್ಕಿ
ನೀವು ಹೇಳಿದ ಮೇಲೆ ನಿಲ್ಲಿಸಿಬಿಟ್ಟೆ. ಯೋಚನೆಯೇ ಮಾಡಿರಲಿಲ್ಲ, ಮನಸ್ಸಿಗೆ ಕಷ್ಟ ಆಯಿತು. ನಮ್ಮವರ ಜತೆ ಮಾತಾಡಿದೆ. ನಮ್ಮ ಮೆಷಿನ್‌ನಲ್ಲೇ ಹಾಕುತ್ತೇವೆ. ಸ್ವಲ್ಪ ದಿನ ಕೊಡಿ.

ಬೆಳಗಿನಹಕ್ಕಿ
ಮತ್ತೆ ಬಂದೆ. ಪೂರ್ತಿ 6,400 ಮುಗಿಯಿತು. ದೋಷ ಬಂದ ಸಾಲು ಮತ್ತೆ ಸರದಿಗೆ ಹೋಗುವ ಹಾಗೆ ಮಾಡಿದೆ, ಕತ್ತರಿಸಲು ಬಿಡಲಿಲ್ಲ. «ಹೇಗೆ ಸಿಕ್ಕಿತು» ಅಂತ ಒಂದು ಕಾಲಂ ಇಟ್ಟೆ. ಮನೆ ನಂಬರ್ ಹೊಂದಿದ್ದು 3,870. ರಸ್ತೆಯವರೆಗೆ 1,540. ಬಡಾವಣೆ ಅಥವಾ ಊರು ಮಾತ್ರ 612. ಏನೂ ಸಿಗದ್ದು 378, ಅವು ಖಾಲಿಯೇ ಇವೆ.

ಮೊದಲ ಸಲದ 69ರಲ್ಲಿ 41 ಈಗ ಮನೆಯ ಮಟ್ಟಕ್ಕೇ ಸಿಕ್ಕವು. ರಾತ್ರಿಪಾಳಿ ಅವರು ಹೇಳಿದ್ದೇ ನಿಜ, ಅವು ಬರೀ ಟೈಮ್‌ಔಟ್.

ಹುಡುಕುವ ಪರದೆಯಲ್ಲಿ ಮನೆ ಮತ್ತು ರಸ್ತೆಯವರು ಮಾತ್ರ ದೂರದ ಲೆಕ್ಕದಲ್ಲಿ ಬರುತ್ತಾರೆ. ಉಳಿದ 990 ಮಂದಿಯನ್ನು ಬೇರೆ ಪಟ್ಟಿಯಲ್ಲಿ, ಅವರು ಬರೆದ ಮೂಲ ವಿಳಾಸದ ಜತೆ ತೋರಿಸುತ್ತೇವೆ. ಫೋನ್ ಮಾಡುವವರು ಓದಿ ನಿರ್ಧರಿಸುತ್ತಾರೆ. ಪೆಟ್ಟಿಗೆ ಅಣ್ಣನ ಮಾತಿಗೆ ಅಷ್ಟು ಬೆಲೆ ಕೊಟ್ಟಿದ್ದೇವೆ.

ಕಲ್ಲುಬಂಡೆ
3,870 ಅಂದರೆ ನೂರಕ್ಕೆ ಅರವತ್ತು. ನಾನು ಇದಕ್ಕಿಂತ ಬಹಳ ಕಡಿಮೆ ಅಂದುಕೊಂಡಿದ್ದೆ. ಚೆನ್ನಾಗಿ ಮಾಡಿದ್ದೀರಿ.

ನಕ್ಷೆಹುಚ್ಚ
ಆ 3,870ರಲ್ಲಿ ಯಾವುದಾದರೂ ಐವತ್ತು ಎತ್ತಿಕೊಂಡು ಕಣ್ಣಾರೆ ನೋಡಿ. ಚುಕ್ಕಿ ಬಿದ್ದ ಕಟ್ಟಡ, ಬರೆದ ವಿಳಾಸ, ಎರಡೂ ಹೊಂದುತ್ತಾ ಅಂತ.

ಬೆಳಗಿನಹಕ್ಕಿ
ನೋಡಿದೆವು. 50ರಲ್ಲಿ 47 ಸರಿ. ತಪ್ಪಿದ ಮೂರೂ ಒಂದೇ ಥರ, ಒಂದೇ ಹೆಸರಿನ ಎರಡು ರಸ್ತೆ. ಈಗ ಅಂಚೆ ಸಂಖ್ಯೆಯೂ ಹೊಂದಬೇಕು ಅಂತ ಷರತ್ತು ಸೇರಿಸಿದ್ದೇನೆ.

ಏನೂ ಸಿಗದ 378ರಲ್ಲಿ «ನೀರಿನ ಟ್ಯಾಂಕ್ ಹಿಂದೆ, ನೀಲಿ ಗೇಟ್» ಅಂತ ಬರೆದವರೊಬ್ಬರಿದ್ದರು. ನಮ್ಮ ಹುಡುಗಿಯೊಬ್ಬಳು ಫೋನ್ ಮಾಡಿ ಕೇಳಿಕೊಂಡು ಹೋಗಿ, ಗೇಟ್ ಮುಂದೆ ನಿಂತು ಪಾಯಿಂಟ್ ತಗೊಂಡು ಬಂದಳು. «ಹೇಗೆ ಸಿಕ್ಕಿತು» ಕಾಲಂನಲ್ಲಿ «ಹೋಗಿ ನೋಡಿದ್ದು» ಅಂತ ಹೊಸ ಗುರುತು ಸೇರಿತು.

ನಕ್ಷೆಹುಚ್ಚ
ಆ ಮನೆಯವರು ಒಪ್ಪಿದರೆ ಮನೆ ನಂಬರನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಹಾಕಿ. ನಂಬರ್ ಮಾತ್ರ, ಹೆಸರು ಬೇಡ.

ಬೆಳಗಿನಹಕ್ಕಿ
ಕೇಳಿದೆವು, ಒಪ್ಪಿದರು. ನಂಬರ್ ಹಾಕಿದ್ದಾಯಿತು. ಟ್ಯಾಂಕ್ ಕೂಡ ನಕ್ಷೆಯಲ್ಲಿರಲಿಲ್ಲ, ಅದನ್ನೂ ಹಾಕಿದೆವು.